ಉಲ್ಟಾ ವಾಲಿದ ಮುಳ್ಳು

ಬೆಳಗ್ಗೆ ಗಿರಣಿಯವನು ಬಂದಾಗ ಬಾಗಿಲ ಬೀಗ ಮುರಿದಿತ್ತು. ಮೋಟಾರ್ ಇದ್ದ ಜಾಗದಲ್ಲಿ ಬೋಲ್ಟುಗಳು ಮಾತ್ರ. ಚೆಲ್ಲಿದ ಹಿಟ್ಟಿನ ಮೇಲೆ ಟ್ರ್ಯಾಕ್ಟರಿನ ಚಕ್ರದ ಗುರುತು. ಅದು ಪಕ್ಕದ ದೊಡ್ಡಮ್ಮನ ಶೆಡ್ಡಿನವರೆಗೂ ಹೋಗಿತ್ತು.

ಶೆಡ್ಡಿನಲ್ಲಿ ಆರು ವೋಲ್ಟಿನ ಹಳೇ ಟ್ರ್ಯಾಕ್ಟರ್. ಓಡಿಸುವವನು ಗೇರಣ್ಣ ಒಬ್ಬನೇ. ಸಂಜೆ ಬ್ಯಾಟರಿ ಇಳಿಸಿ ಹಲಗೆಯ ಮೇಲಿಡುವುದು ಅವನ ರೂಢಿ. ಇವತ್ತು ಅದು ಗಾಡಿಯಲ್ಲೇ ಇತ್ತು. ರಾತ್ರಿ ಅಕ್ಕನ ಮನೆಯಲ್ಲಿದ್ದೆ ಎಂದ. ನಿನ್ನೆ ತಾನೇ ಇವನು ತನ್ನ ಜೊತೆ ಜಗಳ ಆಡಿದ್ದ ಎಂದು ಗಿರಣಿಯವನು ಹಟ ಹಿಡಿದ. ದೊಡ್ಡಮ್ಮನ ಅಳಿಯ, ವ್ಯಾನ್ ಓಡಿಸುವವನು, ಒಗ್ಗರಣೆ ಹಾಕಿದ: ಶೆಡ್ಡಿನ ಪಕ್ಕದ ಕೋಣೆಯಿಂದ ಇವನನ್ನು ಇವತ್ತೇ ಬಿಡಿಸಬೇಕು. ಗೇರಣ್ಣನಿಗೆ ಬೇರೆ ಸೂರಿರಲಿಲ್ಲ.

ಇನ್‌ಸ್ಪೆಕ್ಟರ್ ಮೇಡಂ ಗ್ಯಾರೇಜಿನವನ ಮಗಳು. ಸೀಟು ಹತ್ತಿ ಕೂತರು. ಇಂಜಿನ್ ಆಫ್ ಇಟ್ಟು ದೀಪ ಹಾಕಿದರು. ಬ್ಯಾಟರಿ ಮೀಟರಿನ ಮುಳ್ಳು ಚಾರ್ಜಿನ ಕಡೆ ವಾಲಿತು.

ಇಂಜಿನ್ ನಿಂತಿದೆ, ದೀಪ ಉರಿಯುತ್ತಿದೆ, ಆದರೂ ಬ್ಯಾಟರಿ ತುಂಬುತ್ತಿದೆಯಂತೆ ಎಂದುಕೊಂಡರು.

ಬಗ್ಗಿ ನೋಡಿದರು. ಬ್ಯಾಟರಿ ಕಂಬಕ್ಕೆ ವೈರು ಹಿಡಿದಿಡುವ ಕ್ಲ್ಯಾಂಪಿನ ಸಂದಿಯಲ್ಲಿ ಏನೋ ಹೊಳೆಯಿತು. ಕಿತ್ತು ಮುಷ್ಟಿಯಲ್ಲಿ ಇಟ್ಟುಕೊಂಡರು. ಬ್ಯಾಟರಿಯನ್ನೂ ಬಿಚ್ಚಿಸಿ ಹಲಗೆಯ ಮೇಲಿಡಿಸಿದರು.

* * *

ಗಾಡಿಯನ್ನು ಠಾಣೆಗೆ ಒಯ್ಯಬೇಕು, ಬ್ಯಾಟರಿ ಯಾರು ಕೂರಿಸುತ್ತೀರಿ ಎಂದು ಕೇಳಿದರು. ಗೇರಣ್ಣ ಮುಂದೆ ಬಂದ. ಅವನನ್ನು ತಡೆದರು. ಗಿರಣಿಯವನು ತನಗೆ ಸ್ಕೂಟರೂ ಸರಿಯಾಗಿ ಬರಲ್ಲ ಎಂದು ಹಿಂದೆ ಸರಿದ.

ಅಳಿಯ ತೋಳು ಮಡಚಿದ. "ಈ ಡಬ್ಬಾನ ನಾನು ಯಾವತ್ತೂ ಮುಟ್ಟಿಲ್ಲ ಮೇಡಂ. ಆದ್ರೂ ಬ್ಯಾಟರಿ ಅಂದ್ರೆ ಬ್ಯಾಟರಿ. ಮೈನಸ್ಸು ಗಾಡಿ ಬಾಡಿ ಕಡೆಗೆ, ಅಷ್ಟೇ."

ಬಾಡಿ ವೈರಿನ ಕ್ಲ್ಯಾಂಪ್ ಮೈನಸ್ ಕಂಬಕ್ಕೆ ಸಡಿಲ. ಅವನು ಯೋಚಿಸಲೂ ಇಲ್ಲ. ಜೇಬಿನಿಂದ ಎದೆಯುರಿಯ ಮಾತ್ರೆ ಪಟ್ಟಿ ತೆಗೆದು, ಬೆಳ್ಳಿ ಹಾಳೆ ಹರಿದು, ಮೂರು ಮಡಿಕೆ ಮಾಡಿ ಸಂದಿಗೆ ತುರುಕಿದ.

ಮೇಡಂ ಮುಷ್ಟಿ ಬಿಚ್ಚಿದರು. ಅದೇ ಹಾಳೆ. ಅದೇ ಮೂರು ಮಡಿಕೆ.

"ಈಗಿನ ಗಾಡಿಗಳಲ್ಲಿ ಬಾಡಿ ಕಡೆಗೆ ಮೈನಸ್. ಇದರಲ್ಲಿ ಪ್ಲಸ್. ಪ್ಲಸ್ ಕಂಬ ದಪ್ಪ, ಅದಕ್ಕೇ ಬಾಡಿ ಕ್ಲ್ಯಾಂಪ್ ಅಗಲ," ಎಂದರು. "ಗೇರಣ್ಣ ಜೋಡಿಸಿದ್ದರೆ ಈ ಹಾಳೆಯೂ ಬೇಕಿರಲಿಲ್ಲ, ಮುಳ್ಳೂ ಉಲ್ಟಾ ಹೋಗ್ತಿರಲಿಲ್ಲ. ಮುಟ್ಟೇ ಇಲ್ಲ ಅಂದ್ರಲ್ಲ, ನಿಮ್ಮ ಹಾಳೆ ಇಲ್ಲಿಗೆ ಹೇಗೆ ಬಂತು?"

ಅಳಿಯ ಟೈರಿಗೆ ಒರಗಿ ಕೂತ. ಮೋಟಾರ್ ಅವನ ವ್ಯಾನಿನಲ್ಲೇ ಸಿಕ್ಕಿತು, ಖಾಲಿ ಚೀಲಗಳ ಕೆಳಗೆ.

ಗಿರಣಿಯವನು ನೆಲ ನೋಡುತ್ತ ನಿಂತ. ದೊಡ್ಡಮ್ಮ ಅಳಿಯನ ಮುಖ ನೋಡಲಿಲ್ಲ. ಕೋಣೆಯ ಬೀಗದ ಕೈಯನ್ನು ಮತ್ತೆ ಗೇರಣ್ಣನ ಜೇಬಿಗೆ ಹಾಕಿದರು.

ಗೇರಣ್ಣ ಬ್ಯಾಟರಿ ತಿರುಗಿಸಿಟ್ಟ. ಸ್ಟಾರ್ಟ್ ಮಾಡಲೇ ಎಂದು ಮೇಡಂ ಕೇಳಿದರು.

"ತಡೀರಿ, ಉಲ್ಟಾ ಬ್ಯಾಟರೀಲಿ ಓಡಿ, ಚಾರ್ಜ್ ಮಾಡೋ ಡೈನಮೋಗೂ ಉಲ್ಟಾ ಬುದ್ಧಿ ಬಂದಿರುತ್ತೆ."

ಬ್ಯಾಟರಿಯಿಂದ ಡೈನಮೋಗೆ ತುಂಡು ವೈರನ್ನು ಒಂದು ಚಣ ತಾಗಿಸಿದ. ಸಣ್ಣ ಕಿಡಿ ಹಾರಿತು. ದೀಪ ಹಾಕಿದ. ಮುಳ್ಳು ಈ ಸಲ ಸರಿಯಾದ ಕಡೆಗೇ, ಖರ್ಚಿನ ಕಡೆಗೇ ಇಳಿಯಿತು.