ಪಾಪುವಿಗೂ ಒಂದು ಖೋ

"ಖೋ!"

ದೀಪಿಕ ಏಳಲಿಲ್ಲ.

"ಏ, ಖೋ ಕೊಟ್ಟೆ ಕಣೇ! ಏಳೇ!" ಮಾಹೀನ್ ಅವಳ ಬೆನ್ನಿಗೆ ಇನ್ನೊಂದು ಏಟು ಕೊಟ್ಟಳು. ದೀಪಿಕ ಕೂತಲ್ಲಿಂದಲೇ ಮುಂದಕ್ಕೆ ಮುಗ್ಗರಿಸಿದಳು.

"ಅಯ್ಯೋ, ನಿದ್ದೆ ಮಾಡ್ತಾವ್ಳೆ ಕಣ್ರೇ!" ಎಂದು ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು.

ಪಿ.ಟಿ. ಮೇಷ್ಟ್ರು ನಗಲಿಲ್ಲ. "ಇವ್ಳನ್ನ ಟೀಮಿಂದ ತೆಗೀತೀನಿ" ಎಂದರು.

"ಸಾ, ಇನ್ನೊಂದ್ ಚಾನ್ಸು ಕೊಡಿ ಸಾ. ನಮ್ಮಲ್ಲಿ ಇವ್ಳಷ್ಟು ಜೋರಾಗಿ ಓಡೋರು ಯಾರವ್ರೆ?" ಎಂದಳು ಕ್ಯಾಪ್ಟನ್ ಮಾಹೀನ್.

"ಸೋಮವಾರದವರ್ಗೂ ನೋಡ್ತೀನಿ. ಆಮೇಲೂ ತೂಕಡಿಸುದ್ರೆ ಔಟು."

ತಪ್ಪೆಲ್ಲ ಪಾಪುವಿನದು. ಹೊಳಲು ಊರಿನ ಪುಟ್ಟ ಮನೆಯಲ್ಲಿ ದೀಪಿಕಳ ಈ ಎಳೆಗೂಸು ತಮ್ಮ ಹಗಲೆಲ್ಲ ಕುಂಭಕರ್ಣ. ರಾತ್ರಿಯಾದರೆ ಕಣ್ಣು ಬಿಟ್ಟುಕೊಂಡು ಕಿರ್ರೋ ಎಂದು ರಾಗ ತೆಗೆಯುತ್ತಿದ್ದ.

ಹಗಲು ಮಲಗದಿದ್ದರೆ ರಾತ್ರಿ ಮಲಗಲೇಬೇಕಲ್ಲ! ದೀಪಿಕ ಸ್ಕೂಲಿಂದ ಬಂದವಳೇ ತಟ್ಟೆ, ಚಮಚ ತಂದು ತೊಟ್ಟಿಲ ಪಕ್ಕ ಟಣ್ ಟಣ್ ಬಡಿದಳು. ಪಾಪು ಕಣ್ಣು ಮುಚ್ಚಿದಾಗಲೆಲ್ಲ ಬಡಿದಳು. ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದ ಅಮ್ಮನಿಗೆ ಅದು ಕೇಳಿಸಲಿಲ್ಲ.

ಆತುರಗಾರನಿಗೆ ಬುದ್ಧಿ ಮಟ್ಟ. ಅಂದು ರಾತ್ರಿ ಪಾಪು ಎಷ್ಟು ಅತ್ತನೆಂದರೆ, ಪಕ್ಕದ ಮನೆ ಬೋರಯ್ಯನವರ ಎಮ್ಮೆಯೂ ಎದ್ದು ಕೂಗಿತು.

ಭಾನುವಾರ ಮಂಡ್ಯದಿಂದ ರಂಜಿತ ಚಿಕ್ಕಮ್ಮ ಬಂದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ಬಂದಾಗ ದೀಪಿಕಳ ಕೈಯಲ್ಲಿ ಮತ್ತೆ ತಟ್ಟೆ!

"ಏನೇ ಇದು, ಮಲಗಿರೋ ಮಗಿನ ಮುಂದೆ?"

ದೀಪಿಕ ಎಲ್ಲ ಹೇಳಿದಳು. ಹೇಳುತ್ತಾ ಅಳುವೇ ಬಂತು.

ಚಿಕ್ಕಮ್ಮ ಅವಳನ್ನು ಪಕ್ಕ ಕೂರಿಸಿಕೊಂಡಳು. "ನಿದ್ದೆ ನೋಡ್ಕೊಳ್ಳಕ್ಕೆ ಅಂತ ಮಿದುಳಲ್ಲಿ ನರಕೋಶ ಇರ್ತವೆ ಕಣೇ. ಪಾಪುಗೆ ಅವಿನ್ನೂ ಬೆಳೀತಾ ಅವೆ. ಒಂದು ಕೋಶ ಚೂರು ಕೆಮಿಕಲ್ ಬುಟ್ಟು ಪಕ್ಕದ್ದಕ್ಕೆ ಸುದ್ದಿ ಮುಟ್ಟಿಸ್ತದೆ."

"ಖೋ ಕೊಟ್ಟಂಗಾ?"

"ಊಂ, ಅಂಗೇ ಅನ್ಕೊ. ಅಂಥ ಖೋ ಸಿಕ್ತಾ ಸಿಕ್ತಾನೇ ಅವು ಬೆಳೆದು ಒಂದಕ್ಕೊಂದು ಜೋಡ್ಕೊಳೋದು. ಇವನ ಟೀಮಿಗೆ ಹಗಲು ಯಾವ್ದು, ರಾತ್ರಿ ಯಾವ್ದು ಅಂತ ಇನ್ನೂ ಗೊತ್ತಾಗಿಲ್ಲ. ತಟ್ಟೆ ಬಡುದ್ರೆ ಬೇಗ ಬೆಳೆಯಾಕಿಲ್ಲ. ನೀನೂ ಇಂಗೇ ಇದ್ದೆ. ನಿನ್ನ ಎತ್ಕೊಂಡು ಓಡಾಡಿ ನನ್ನ ಕಾಲೇ ಬಿದ್ದೋಗಿದ್ವು!"

ತೊಟ್ಟಿಲಲ್ಲಿ ಪಾಪು ನಿದ್ದೆಯಲ್ಲೇ ಒಮ್ಮೆ ಬಿಕ್ಕಿದ. ದೀಪಿಕಳಿಗೆ ಅಯ್ಯೋ ಪಾಪ ಅನ್ನಿಸಿತು. ಸದ್ದಾಗದಂತೆ ತಟ್ಟೆಯನ್ನು ಒಳಗಿಟ್ಟು ಬಂದಳು.

"ಅವನು ಮಲಗಿದ್ದಾಗ ನೀನೂ ಮಲ್ಗು" ಎಂದು ಚಿಕ್ಕಮ್ಮ ಚಾಪೆ ಹಾಸಿದಳು. ದೀಪಿಕ ಸಂಜೆಯವರೆಗೂ ಗೊರಕೆ ಹೊಡೆದಳು.

ಸೋಮವಾರ ಮಾಹೀನ್ "ಖೋ" ಅನ್ನುವಷ್ಟರಲ್ಲಿ ದೀಪಿಕ ಬಾಣದಂತೆ ಹಾರಿದಳು. ಎದುರಿನವರಲ್ಲಿ ಮೂವರು ಔಟ್. ಮೇಷ್ಟ್ರ ಸೀಟಿಯೇ ನಕ್ಕಂತೆ ಕೇಳಿಸಿತು.

ಕುಣಿಯುತ್ತಾ ಮನೆಗೆ ಬಂದರೆ ಪಾಪು ಅಳುತ್ತಿದ್ದ. "ಇವನು ಯಾವಾಗ ಕಲೀತಾನೋ ಕಾಣೆ" ಎಂದು ಅಮ್ಮ ನಿಟ್ಟುಸಿರಿಟ್ಟಳು.

"ಅವನ್ಗೂ ಇನ್ನೊಂದ್ ಚಾನ್ಸು ಕೊಡಮ್ಮ" ಎಂದಳು ದೀಪಿಕ.

ಪಾಪುವಿನ ಬೆನ್ನ ಮೇಲೆ ಅಂಗೈಯಿಟ್ಟು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ "ಖೋ" ಎಂದಳು.

ಪಾಪು ಮಲಗಲಿಲ್ಲ. ಕಣ್ಣರಳಿಸಿ ಅಕ್ಕನನ್ನೇ ನೋಡಿದ.

ದೀಪಿಕಳಿಗೆ ನಗು ಬಂತು. ಆಟದಲ್ಲಿ ಕೂರುವ ಹಾಗೆಯೇ ತೊಟ್ಟಿಲ ಪಕ್ಕ ಕುಕ್ಕರುಗಾಲಲ್ಲಿ ಕೂತು, ಅವನು ಖೋ ಕೊಡುವ ಸರದಿಗಾಗಿ ಕಾಯತೊಡಗಿದಳು.