ತಣ್ಣನೆಯ ಬೊಟ್ಟು

ನಾನು ದೆವ್ವ ಕಂಡವಳಲ್ಲ. ವೈಟ್‌ಫೀಲ್ಡ್ ಕಡೆಯ ಆಸ್ಪತ್ರೆಯೊಂದರಲ್ಲಿ ಹಾಡಹಗಲೇ ನಡೆದದ್ದನ್ನು ಹೇಳುತ್ತೇನೆ, ಅಷ್ಟೇ.

ಏಳು ತಿಂಗಳಿಗೇ ಹುಟ್ಟಿದ ನನ್ನ ಮಗಳ ಹೃದಯದ ಬಳಿ, ಮುಚ್ಚಿಕೊಳ್ಳಬೇಕಿದ್ದ ರಕ್ತನಾಳವೊಂದು ತೆರೆದೇ ಇತ್ತು. ಅದು ಮುಚ್ಚಲೆಂದು ಐಬುಪ್ರೊಫೆನ್ ಕೊಡುತ್ತಿದ್ದರು, ನಾವು ನೋವಿಗೆ ನುಂಗುವ ಅದೇ ಔಷಧ. ಮೂರು ಡೋಸ್ ಆದರೂ ಮುಚ್ಚಲಿಲ್ಲ. ಪಕ್ಕದ ಗಾಜಿನ ಪೆಟ್ಟಿಗೆಯಲ್ಲಿದ್ದ ಶೇಖವ್ವನ ಮಗನಿಗೆ ಒಂದೇ ಡೋಸಿಗೆ ಮುಚ್ಚಿತು. ಗಾರೆ ಕೆಲಸದವಳ ಮಗುವಿಗೆ! ನಾನು ಕೈಮುಗಿಯದ ದೇವರಿಲ್ಲ, ಅವಳು ನನ್ನೆದುರೇ ನಗುತ್ತ ಓಡಾಡುತ್ತಿದ್ದಳು. ಹೊಟ್ಟೆ ಉರಿದುಹೋಯಿತು.

“ಮೈಮ್ಯಾಗ ಕಾಡಿಗಿ ಹಚ್ಚಾಕ ಸಿಸ್ಟರ್ ಬಿಡಂಗಿಲ್ರಿ ಅಕ್ಕಾರ,” ಎಂದು ಅವಳು ಪೆಟ್ಟಿಗೆಯ ಗಾಜಿನ ಮೇಲೆಯೇ ದೃಷ್ಟಿಬೊಟ್ಟು ಇಟ್ಟಿದ್ದಳು. ಅವಳು ಹಾಲು ಹಿಂಡಲು ಹೋದಾಗ ಸ್ಪಿರಿಟ್ ಹತ್ತಿಯಿಂದ ಅದನ್ನು ಒರೆಸಿಬಿಟ್ಟೆ. ಬೆಚ್ಚಗಿದ್ದ ಗಾಜಿನಲ್ಲಿ ಆ ಜಾಗ ಮಾತ್ರ ಮಂಜಿನಂತೆ ಕೊರೆಯುತ್ತಿತ್ತು. ಬೊಟ್ಟು ಹೋಯಿತು. ಹತ್ತಿ ಬೆಳ್ಳಗೇ ಇತ್ತು.

ಮರುದಿನ ಬೆಳಿಗ್ಗೆ ಡಾಕ್ಟರ್ ಸ್ಕ್ಯಾನ್ ಮಾಡಿ, “ನಿಮ್ಮ ಮಗೂದು ಮುಚ್ಕೊಂಡಿದೆ ಮೇಡಂ. ಆದ್ರೆ ಎದೆ ಮೇಲೆ ಕಾಡಿಗೆ ಯಾಕೆ ಹಚ್ಚಿದ್ರಿ?” ಎಂದರು. ಸಿಸ್ಟರ್ ಎಷ್ಟು ಒರೆಸಿದರೂ ಅದು ಹೋಗಲಿಲ್ಲ. ಶೇಖವ್ವನ ಮಗನ ನಾಳ ಮತ್ತೆ ತೆರೆದುಕೊಂಡಿತ್ತು.

ಅವಳು ತನ್ನ ಮಗನ ಗಾಜನ್ನು ನೋಡಿದಳು, ಆಮೇಲೆ ನನ್ನ ಮಗಳ ಎದೆಯನ್ನು.

“ನನ್ನ ಬೊಟ್ಟು ಎಲ್ಲಿ ಹೋತ್ರಿ ಅಕ್ಕಾರ?”

ನಾನು ಮಗಳ ಎದೆಯ ಮೇಲೆ ಬಟ್ಟೆ ಎಳೆದೆ.

ಮಗಳಿಗೀಗ ಎರಡು ವರ್ಷ. ಜ್ವರ ಬಂದು ಮೈಯೆಲ್ಲ ಕೆಂಡವಾದಾಗಲೂ ಆ ಚುಕ್ಕೆಯ ಜಾಗ ಮಾತ್ರ ತಣ್ಣಗೆ ಕೊರೆಯುತ್ತಿರುತ್ತದೆ.