ಕೊನೆಯ ಹಿಡಿಯ ಮುದುಕಿ

"ಕೈಯಾರೆ ಕೊಯ್ಯಬೇಡ ಅಳಿಯಾ. ದೂರ ನಿಂತು, ಕಣ್ಣು ಮುಚ್ಚಿ, ಎಲ್ಲರೂ ಒಟ್ಟಿಗೆ ಕುಡುಗೋಲು ಎಸೀಬೇಕು. ಯಾರದು ತಗುಲ್ತು ಅಂತ ಅವಳಿಗೆ ಗೊತ್ತಾಗಬಾರದು."

ಮಾವ ಕೊರ್ಮಾಕ್ ಹೇಳಿ ಮುಗಿಸುವ ಮೊದಲೇ ಲೊರ್ಕನ್ ನಕ್ಕ. ಬೆಲ್‌ಫಾಸ್ಟಿನ ಹಡಗುಕಟ್ಟೆ ಬಿಟ್ಟು ಈ ಬೆಟ್ಟದ ಗ್ರಾನ್ಯಳನ್ನು ಮದುವೆಯಾದವನಿಗೆ ಇದು ಮೊದಲ ಲೂನಸ ಹಬ್ಬದ ಸುಗ್ಗಿ. ಬೆಳಗಿನಿಂದ ಬಗ್ಗಿದ ಸೊಂಟ ಬಿದ್ದುಹೋಗಿತ್ತು. ಹೊಲದ ನಡುವೆ ಉಳಿದದ್ದು ಒಂದೇ ಹಿಡಿ ಓಟ್ಸ್ ಪೈರು. ಬುಡ ಕೀಳದೆ ಜಡೆ ಹೆಣೆದಿದ್ದರು. ಅದಕ್ಕೆ ಮುದುಕಿ ಎಂದು ಹೆಸರು.

"ಹುಲ್ಲಿಗೆ ಹೆದರೋ ಗಂಡಸರು! ನನಗೆ ನಿದ್ದೆ ಬೇಕು ಮಾವ."

ಒಂದೇ ಎಳೆತಕ್ಕೆ ಕೊಯ್ದ. ಹಳಸಿದ ಹಾಲಿನಂಥ ವಾಸನೆ ಎದ್ದಿತು. ಕಾಗೆಗಳೂ ಸುಮ್ಮನಾದವು.

"ಇನ್ನು ವಸಂತದವರೆಗೆ ಅವಳು ನಿನ್ನವಳು," ಮಾವನ ದನಿ ಇಂಗಿತ್ತು. "ಈ ಜಡೆನ ಕೊಯ್ಲು ಮುಗಿಯದ ಹೊಲಕ್ಕೆ ಎಸೆದರೆ ಅಲ್ಲಿ ಕೊಯ್ಯೋರನ್ನ ಹಿಡೀತಾಳೆ. ಹಾಗೆ ಮಾತ್ರ ಮಾಡಬೇಡ. ನೀನು ಗಟ್ಟಿಗ, ಬದುಕ್ಕೋತೀಯ. ಬೇರೆಯವರು ಉಳಿಯಲ್ಲ."

ನಿದ್ದೆ ಬಂತು, ದಣಿವು ಹೋಗಲಿಲ್ಲ. ಬೆನ್ನ ಮೇಲೆ ಯಾರೋ ಕೂತಂತೆ. ಪಕ್ಕೆಲುಬು ಒತ್ತುವ ಒಣ ಮೊಣಕಾಲು. ಕಿವಿಯ ಹತ್ತಿರ ಹುಲ್ಲು ಸರಿದಂಥ ಉಸಿರು. ಅವನು ಗಂಜಿ ಉಂಡರೆ ಇನ್ಯಾರಿಗೋ ಹೊಟ್ಟೆ ತುಂಬುತ್ತಿತ್ತು. ಹಾಸಿಗೆ ಸಾಲದಾಯಿತು, ಭಾನುವಾರ ಸಾಲದಾಯಿತು. ಸತ್ತರೆ ಮಲಗಬಹುದಲ್ಲ ಎಂದು ಕೂಡ ಅನಿಸತೊಡಗಿತು.

ಬೆಟ್ಟದಲ್ಲಿ ಕೊಯ್ಯದೆ ಉಳಿದದ್ದು ಕಲ್ಲುಗೋಡೆಯಾಚೆಯ ವಿಧವೆ ಬ್ರೀಜ್ ಅಜ್ಜಿಯ ತುಂಡು ಹೊಲ ಮಾತ್ರ. ಮುಸ್ಸಂಜೆ. ಮಂಜು. ಗೋಡೆಯಾಚೆ ಕುಡುಗೋಲಿನ ಸರಕ್ ಸರಕ್. ಹೇಗೂ ವಯಸ್ಸಾದ ಜೀವ, ಅಂದುಕೊಂಡ. ಜಡೆಯನ್ನು ಎಸೆದ.

ಬೆನ್ನು ಹಗುರಾಯಿತು. ನೆಟ್ಟಗಾಯಿತು. ಎದೆ ತುಂಬ ಉಸಿರು.

ಆಚೆ ಕುಡುಗೋಲು ನಿಂತಿತು.

"ಅಪ್ಪ ಹೆಣೆದ ಜಡೆ ಇದು..." ಗ್ರಾನ್ಯಳ ದನಿ. "ಲೊರ್ಕನ್?"

ಗೋಡೆ ಹಾರಿದ. ಮೊಣಕಾಲು ತರಚಿತು. ಓಡಿದ.

"ಅಜ್ಜಿಗೆ ಕೈ ಸೋತಿತ್ತು. ಅದಕ್ಕೇ ನಾನು ಬಂದೆ," ಅಂದಳು. ಬಗ್ಗಿದ್ದವಳು ಏಳಲು ನೋಡಿದಳು. ಆಗಲಿಲ್ಲ. ಅವನು ಜಡೆ ಕಿತ್ತುಕೊಂಡ. ಕೈಯಲ್ಲಿ ಬರೀ ಹುಲ್ಲು, ಒಂದಿಷ್ಟೂ ಭಾರವಿಲ್ಲ. ಭಾರವೆಲ್ಲ ಅವಳ ಬೆನ್ನ ಮೇಲಿತ್ತು.

"ಅವಳನ್ನ ನನಗೆ ಕೊಡೇ! ಜಡೆ ತಗೋ, ವಾಪಸ್ ಎಸಿ!"

"ಎಲ್ಲಿಗೆ? ನಮ್ಮ ಹೊಲದ ಕೊಯ್ಲು ಮುಗೀತಲ್ಲ." ಅವಳು ಬೈಯಲಿಲ್ಲ. ಕುತ್ತಿಗೆ ಓರೆಮಾಡಿ ಅವನ ಮುಖ ನೋಡಿದಳು. "ತುಂಬಾ ದಣಿದಿದ್ದೆ ಅಲ್ವೇನೋ? ಹೋಗು, ಇವತ್ತಾದ್ರೂ ಮಲಕ್ಕೋ."